ಹರಗೋಲಿನ ಬಾಡಿಗೆ

ದೋಣಿಯ ಹೊಟ್ಟೆಯ ಕೆಳಗೆ ಎರಡೂ ಬದಿಗೆ ಮರದ ತುಂಡು ಕೊಟ್ಟಿದ್ದರು, ಉರುಳಬಾರದೆಂದು. ಅದು ಕೂತದ್ದು ನೆಲದ ಮೇಲಲ್ಲ, ಇನ್ನೊಂದು ದೊಡ್ಡ ಹಡಗಿನ ಮೇಲೆ. ಫೋನಿನಲ್ಲಿ ಆ ಚಿತ್ರ ನೋಡಿ ಯಾದಗಿರಿಯ ನನ್ನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ನಕ್ಕೆ. ನೀರಲ್ಲಿ ತೇಲಬೇಕಾದದ್ದು ನೀರ ಮೇಲೆಯೇ ಸಾಮಾನಾಗಿ ಹೋಗುವುದೆಂದರೆ!

ನಾನು ಹುಡುಕುತ್ತಿದ್ದದ್ದು ಬೇರೆ. ಧಾರವಾಡದಲ್ಲಿ ಕೆಲಸ ಸಿಕ್ಕಿತ್ತು. ಸ್ಕೂಟರನ್ನು ಲಾರಿಗೆ ಹಾಕಿದರೆ ಅಗ್ಗವೋ, ನಾನೇ ಓಡಿಸಿಕೊಂಡು ಹೋದರೆ ಅಗ್ಗವೋ ಎಂದು ಕೇಳಿದರೆ ಫೋನು ನನ್ನನ್ನು ಸಮುದ್ರಕ್ಕೆ ಒಯ್ದಿತ್ತು. ಯಾವನೋ ಪುಣ್ಯಾತ್ಮ ಲೆಕ್ಕ ಹಾಕಿದ್ದ: ದೋಣಿಯನ್ನು ಹಡಗಿಗೇರಿಸಿದರೆ ಇಷ್ಟು, ತಾನೇ ಹಾಯಿ ಬಿಚ್ಚಿ ಸಾಗರ ದಾಟಿದರೆ ಊಟ, ಹರಿದ ಹಾಯಿ, ಜೊತೆಯವರ ಕೂಲಿ, ವಿಮೆ ಸೇರಿ ಇಷ್ಟು. ಓಡಿಸಿಕೊಂಡೇ ಹೋಗುವುದೆಂದು ನಾನು ತೀರ್ಮಾನಿಸಿಯಾಗಿತ್ತು. ಅವ್ವನಿಗೆ ಹೇಳಿರಲಿಲ್ಲ. ಹೇಳದೆ ಇರುವುದರಲ್ಲಿ ನಾನು ಪಳಗಿದವಳು. ಮೊದಲೇ ಹೇಳಿದರೆ ಅದು ಜಗಳ, ತಲುಪಿದ ಮೇಲೆ ಹೇಳಿದರೆ ಬರೀ ಸುದ್ದಿ.

ನಗು ನಿಂತ ಮೇಲೆ ಮಲ್ಲಣ್ಣ ಮಾಮನ ಹರಗೋಲು ನೆನಪಾಯಿತು.

ಮಾಮ ಎಂದರೆ ಅವ್ವನ ತಮ್ಮ. ಸುರಪುರದ ಆಚೆ ಕೃಷ್ಣೆಯ ದಂಡೆಯಲ್ಲಿ ಜನರನ್ನು ದಾಟಿಸುತ್ತಿದ್ದ. ಹೊಳೆಗೆ ಸೇತುವೆಯಾದ ಮೇಲೆ ಹರಗೋಲು ಹತ್ತುವವರೇ ಇಲ್ಲವಾದರು. ಆಗ ಶಹಾಪುರದ ಹತ್ತಿರ, ನಮ್ಮೂರ ಕೆರೆಯಲ್ಲಿ, ಮೀನು ಹಿಡಿಯುವ ಗುತ್ತಿಗೆ ಸಿಕ್ಕಿತು. ಹರಗೋಲನ್ನು ನೀವು ನೋಡಿರಬಹುದು, ಬಿದಿರು ಹೆಣೆದು ಡಾಂಬರು ಬಳಿದ ದೊಡ್ಡ ಬುಟ್ಟಿ. ದುಂಡನೆಯ ವಸ್ತುವನ್ನು ಚೌಕದ ಗಾಡಿಗೆ ಹೇರುವ ಪ್ರಶ್ನೆ ಬಂದಾಗ ಟೆಂಪೊದವನು ಅದಕ್ಕೊಂದು ಸುತ್ತು ಹಾಕಿ, "ಇದೇನ್ ಮಾಮಾ, ಭಜಿ ಕರಿಯೋ ಕಡಾಯಿ? ಇದಕ್ಕ ಲಾರೀನ ಬೇಕ್ರಿ" ಅಂದನಂತೆ. ಲಾರಿಯ ಬಾಡಿಗೆಗೆ ಇನ್ನೊಂದು ಹರಗೋಲನ್ನೇ ಹೆಣೆಸಬಹುದಿತ್ತು.

"ಕೆನಾಲ್ ನಮ್ಮೂರ ಮಗ್ಗಲ ಹಾದು ನಿಮ್ಮೂರಿಗೇ ಹೊಂಟೈತಲ್ಲಕ್ಕ," ಅಂದ ಮಾಮ. "ನಾ ಸುಮ್ಮ ಕುಂತ್ರ ಸಾಕು, ನೀರ ತಂದು ಮುಟ್ಟಸತೈತಿ."

"ಅದು ಹೊಳಿ ಅಲ್ಲೋ ಹುಚ್ಚಪ್ಪ. ಎರಡೂ ಕಡಿ ಕಲ್ಲ ಹಾಸ್ಯಾರ. ಬಿದ್ರ ಹಿಡ್ಕೊಳ್ಳಾಕ ಒಂದು ಬೇರಿಲ್ಲ," ಅಂದಳು ಅವ್ವ.

"ನಾ ಯಾಕ ಬೀಳ್ಲಿ? ಅಂಬಿಗರಾಂವ ಅದೀನಿ, ಆಡಿನ ಮರಿ ಅಲ್ಲ."

ನೀರು ಎಂದು ನಿಲ್ಲುತ್ತದೆಂದು ಕೆನಾಲ್ ಗೇಟಿನವನನ್ನು ಕೇಳಿಕೊಂಡೇ ಐತವಾರ ಸಂಜೆ ಹೊರಟಿದ್ದ. "ಸೋಮವಾರದಿಂದ ಬಂದ್" ಎಂಬ ಉತ್ತರ ಸಿಕ್ಕಿತ್ತು. ಮಾಮನ ಸೋಮವಾರ ಹೊತ್ತು ಹುಟ್ಟಿದ ಮೇಲೆ ಶುರುವಾಗುವಂಥದು. ಕಚೇರಿಯ ಸೋಮವಾರ ಐತವಾರ ನಡುರಾತ್ರಿಗೇ ಹುಟ್ಟುತ್ತದೆ. ಇದು ನಮಗೆ ಯಾರಿಗೂ ಹೊಳೆಯಲಿಲ್ಲ. ಮೊಬೈಲು ಒದ್ದೆಯಾದೀತೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಜೋಪಾನವಾಗಿ, ಮನೆಯಲ್ಲೇ ಇಟ್ಟು ಬಂದಿದ್ದ.

ಸೋಮವಾರ ಬೆಳಿಗ್ಗೆ ನಾನೂ ಅವ್ವನೂ ಊರ ಮುಂದಿನ ಕೆನಾಲ್ ಸೇತುವೆಯ ಮೇಲೆ ನಿಂತಿದ್ದೆವು. ನಾನಾಗ ಒಂಬತ್ತನೆಯ ತರಗತಿ. ನೀರು ಸದ್ದಿಲ್ಲದೆ ಇಳಿಯುತ್ತಿತ್ತು. ಕಲ್ಲಿನ ಮೇಲೆ ಒದ್ದೆ ಪಟ್ಟಿ ಅಗಲವಾಗುತ್ತಿತ್ತು. ಅವ್ವನ ಕಣ್ಣೂ ಅದೇ ಪಟ್ಟಿಯ ಮೇಲಿತ್ತು.

ಒಂದು ಚಪ್ಪಲಿ ತೇಲಿ ಬಂತು.

"ಅವಂದಲ್ಲ," ಅಂದಳು ಅವ್ವ. ಸ್ವಲ್ಪ ಹೊತ್ತಾದ ಮೇಲೆ, "ಅವಂದು ಯಾವ ಬಣ್ಣದ್ದು?" ಎಂದು ನನ್ನನ್ನೇ ಕೇಳಿದಳು.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ ನಿಂತ. "ಯಾರನ್ನ ಕಾಯಾಕತ್ತೀಬೇ?"

"ತಮ್ಮನ್ನ. ಹರಗೋಲದಾಗ ಬರಾಕತ್ತಾನ."

"ಕೆನಾಲ್ದಾಗ?" ಮುದುಕ ನೀರನ್ನೊಮ್ಮೆ ನೋಡಿದ. "ಮದವಿ ಆಗೇತೇನು ಅವಂದು?"

ಅವ್ವ ಸೀರೆ ಎತ್ತಿ ಕಟ್ಟಿ ಸುರಪುರದ ದಿಕ್ಕಿಗೆ ದಂಡೆಯ ಮೇಲೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಎಮ್ಮೆಗಳನ್ನು ಬಿಟ್ಟು ಆ ಮುದುಕ. ಪ್ರತಿ ತಿರುವಿನಲ್ಲೂ ಅವ್ವ ಮೊದಲು ನಿಲ್ಲುತ್ತಿದ್ದಳು, ಆಮೇಲೆ ನೋಡುತ್ತಿದ್ದಳು. ನಾನು ಅವಳ ಬೆನ್ನನ್ನಷ್ಟೇ ನೋಡುತ್ತಿದ್ದೆ. ಅದು ಅಲುಗದಿದ್ದರೆ ಇನ್ನೂ ಏನೂ ಕಂಡಿಲ್ಲ ಎಂದು ಅರ್ಥ.

ಕೊನೆಗೊಂದು ತಿರುವಿನಲ್ಲಿ ಆ ಬೆನ್ನು ಕುಸಿದು ಕೂತಿತು. ಕೆಳಗೆ ಕೆಸರಿನಲ್ಲಿ ಹರಗೋಲು ಕೂತಿತ್ತು. ಒಳಗೆ ಮಾಮ ರೊಟ್ಟಿ ತಿನ್ನುತ್ತಿದ್ದ. ಪಾಚಿಗಟ್ಟಿದ ಕಲ್ಲು ಹತ್ತಲು ಹೋಗಿ ಹೋಗಿ ಜಾರಿ ಎರಡೂ ಮೊಣಕಾಲು ತರಚಿದ್ದವು. ಮುದುಕ ಹೆಗಲ ಮೇಲಿದ್ದ ಎಮ್ಮೆಯ ಹಗ್ಗವನ್ನು ಕೆಳಗೆ ಇಳಿಬಿಟ್ಟ. ಮೂವರೂ ಸೇರಿ ಜಗ್ಗಿದೆವು.

"ನೋಡಕ್ಕ, ಬಾಡಗಿ ಉಳೀತು," ಅಂದ ಮಾಮ, ಮೇಲೆ ಬಂದವನೇ.

"ಯಾರ್ದು ಉಳೀತೋ ಮೂಳಾ? ಮುಂಜಾನಿಂದ ನಾ ಎಷ್ಟ ಕೊಟ್ಟೀನಿ ಗೊತ್ತೇನು?" ಅಂದು ಅವ್ವ ಅವನ ಬೆನ್ನಿಗೆ ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಹರಗೋಲು ಲಾರಿಯಲ್ಲೇ ಬಂತು.

ಆ ಸಾಗರದವನ ಲೆಕ್ಕವನ್ನು ಕೊನೆಯ ಸಾಲಿನವರೆಗೆ ಮತ್ತೊಮ್ಮೆ ಓದಿದೆ. ಹಾಯಿ ಹೊಲಿಯುವ ದಾರದ ಖರ್ಚೂ ಇತ್ತು. ದಂಡೆಯ ಮೇಲೆ ನಿಂತವರ ಬಾಬತ್ತು ಎಲ್ಲೂ ಇರಲಿಲ್ಲ. ನನ್ನ ಲೆಕ್ಕದಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೂಟರನ್ನು ಲಾರಿ ಆಫೀಸಿಗೆ ಒಯ್ದೆ. ಅವರು ಕನ್ನಡಿಗಳಿಗೆ ಗೋಣಿತಟ್ಟು ಸುತ್ತುವಾಗ ಅವ್ವನಿಗೆ ಫೋನು ಮಾಡಿದೆ. "ಗಾಡಿ ಲಾರಿಗೆ ಹಾಕೀನವ್ವ. ನಾ ಬಸ್ಸಿಗೆ ಹೊಕ್ಕೀನಿ."

"ಇಲ್ಲಾಂದ್ರ ಹ್ಯಾಂಗ ಹೋಗಾಕಿದ್ದಿ?"

ಸರಿದ ಗೋಣಿತಟ್ಟನ್ನು ಕನ್ನಡಿಯ ಮೇಲೆ ಮತ್ತೆ ಎಳೆದೆ. ಅವ್ವ, "ಎಷ್ಟ ತಗೊಂಡ್ರು?" ಎಂದು ಕೇಳಿದಳು.

ಕೊಟ್ಟದ್ದರಲ್ಲಿ ಅರ್ಧ ಹೇಳಿದೆ. ಅದಕ್ಕೂ ಬೈದಳು.