ಗ್ಯಾಸ್ ಕೊಳವೆಗೆ ಪರವಾನಗಿ

ನಾನು ಬೆಂಕಿಕಡ್ಡಿ ಗೀರುವಷ್ಟರಲ್ಲಿ, ಮಣ್ಣು ಹೊರುತ್ತಿದ್ದ ಅಗಸೂರಿನ ನಾಗಮ್ಮ ನನ್ನ ಕೈಗೆ ರಪ್ಪನೆ ಹೊಡೆದಳು. ಕಡ್ಡಿಪೆಟ್ಟಿಗೆ ಕೆಸರಿಗೆ ಬಿತ್ತು.

ಅಂಕೋಲೆಯ ಅಂಗಡಿಕಾರರೊಬ್ಬರು ದೀಪಗಳಿಗೆಂದು ಕಾರ್ಬೈಡ್ ಗ್ಯಾಸಿನ ಕೊಳವೆಯನ್ನು ರಸ್ತೆಯಡಿ ಹಾಯಿಸಿದ್ದರು. ಪರವಾನಗಿ ಕೊಡುವ ಮುನ್ನ ಪರೀಕ್ಷಿಸಲು ಕಾರವಾರದ ಕಚೇರಿ ಕಳಿಸಿದ ಪದವೀಧರ ನಾನು. ಗ್ಯಾಸಿನ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಬೆಳಕು ಹಿಡಿದು ನೋಡಹೊರಟಿದ್ದೆ!

“ಒಡೆಯಾ, ಪರವಾನಗಿ ಕೊಡೂಕೆ ಬಂದದ್ದೋ, ನಮ್ಗೆಲ್ಲಾ ಕೊಳ್ಳಿ ಇಡೂಕೆ ಬಂದದ್ದೋ?” ಎಂದಳು. ಬಳಿಕ, ಕೊಳವೆ ಹಾಕಿದ ಮೇಸ್ತ್ರಿ ಮಾಡುವುದನ್ನು ನೋಡಿದ್ದವಳು, ಕೊಳವೆಯ ಜೋಡಣೆಗೆ ಸಾಬೂನಿನ ನೊರೆ ಸವರಿದಳು. ಗ್ಯಾಸ್ ಸೋರುತ್ತಿದ್ದಲ್ಲಿ, ನನ್ನ ಮೂಗಿನ ಕೆಳಗೇ, ಗುಳ್ಳೆಗಳು ಉಬ್ಬಿದವು.

ವರದಿಯಲ್ಲಿ ಸೋರಿಕೆ ಕಂಡುಹಿಡಿದವರೆಂದು ಅವಳ ಹೆಸರನ್ನೇ ಬರೆದೆ. ಕಚೇರಿಯ ಸಾಹೇಬರು ಅದನ್ನು ಹೊಡೆದುಹಾಕಿ ನನ್ನ ಹೆಸರು ಬರೆದರು. ‘ಶಾಬಾಸ್’ ಎಂದು ಅವರು ಕುಲುಕಿದ್ದು ನಾಗಮ್ಮ ಹೊಡೆದ ಅದೇ ಕೈಯನ್ನು.