ಕೈ ಹಾಕಬಾರದು ಎಂದ ಡಾಕ್ಟರು

ನಾನು ಹುಟ್ಟುವಾಗ ಕಾಲು ಮೊದಲು ಬಂದವಳು. ಹಾಗೆ ಹುಟ್ಟಿದವರು ಸೊಂಟಕ್ಕೊಂದು ಒದೆ ಕೊಟ್ಟರೆ ಉಳುಕು ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ. ಅಜ್ಜಂಪುರದ ತವರಿನಲ್ಲಿ ಅಮ್ಮ ಜಡೆ ಹೆಣೆಯುತ್ತಿರುವಾಗಲೇ ಯಾರಾದರೂ ಬಂದು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಎದ್ದು ಒದ್ದು, ಮತ್ತೆ ಜಡೆಗೆ ಕೂರುತ್ತಿದ್ದೆ. ಮದುವೆಯಾಗಿ ಪಂಚನಹಳ್ಳಿಗೆ ಬಂದ ಮೇಲೂ ಊರಿನ ಅರ್ಧ ಸೊಂಟಗಳು ನನ್ನ ಬಲಗಾಲು ಕಂಡಿವೆ. ಕಾಣದೆ ಉಳಿದದ್ದು ನಮ್ಮ ಯಜಮಾನರದು.

ಹೋದ ವರ್ಷ ಅವರು ತೆಂಗಿನಕಾಯಿ ಚೀಲ ಎತ್ತಲು ಬಗ್ಗಿದವರು ಹಾಗೇ ಉಳಿದರು. ಆಟೋದ ಹಿಂದಿನ ಸೀಟಿನಲ್ಲಿ ಬೋರಲು ಮಲಗಿಸಿಕೊಂಡು ಕಡೂರಿಗೆ ಹೋದೆವು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆಗೇನೂ ಆಗಿಲ್ಲ, ಸ್ನಾಯು ಹಿಡ್ಕೊಂಡಿದೆ. ಮಾತ್ರೆ ತಗೊಂಡು ಮೂರು ದಿನ ಮಲಗಿರಲಿ. ಉಳುಕು ತೆಗೀತೀವಿ ಅಂತ ಯಾರೂ ಸೊಂಟಕ್ಕೆ ಕೈ ಹಾಕಬಾರದು" ಎಂದರು.

ಮನೆಗೆ ಬಂದು ಅತ್ತೆಗೆ ಇದನ್ನೇ ಹೇಳಿದೆ. ಅವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಕೈ ಹಾಕ್ಬಾರ್ದು ಅಂದ್ರು. ಕಾಲು ಹಾಕ್ಬಾರ್ದು ಅಂದ್ರಾ?"

"ಅದನ್ನ ಹೇಳ್ಲಿಲ್ಲ ಅತ್ತೆ."

"ಮತ್ತೆ? ಓದಿದೋರು ಸುಮ್ನೆ ಒಂದು ಮಾತು ಬಿಡ್ತಾರಾ? ಒದಿ."

"ಕಟ್ಕೊಂಡ ಗಂಡನ್ನ ಒದೀಲಾ?"

"ಮೊದ್ಲು ಅವನ ಕಾಲಿಗೆ ನಮಸ್ಕಾರ ಮಾಡ್ಕೊ. ಆಮೇಲೆ ಒದಿ. ಸರಿಹೋಯ್ತು."

ಅಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲ ತುಂಬ ನಿಂತಿದ್ದರು. ನನಗೆ ಭಯ. ಒದ್ದು ಇನ್ನೇನಾದರೂ ಕಿತ್ತುಬಂದರೆ? ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದ್ದು ಕಾಂಪೌಂಡರ್.

"ಸಾರ್, ಒದೀಬಹುದಾ?"

"ಯಾರನ್ನಮ್ಮಾ?"

"ನಮ್ಮ ಯಜಮಾನ್ರನ್ನ."

"ಅಮ್ಮಾ, ಇದು ಮೂಳೆ ಆಸ್ಪತ್ರೆ. ಅಂಥದ್ದೇನಿದ್ರೂ ಪೊಲೀಸ್ ಸ್ಟೇಷನ್ನಲ್ಲಿ ಮಾತಾಡ್ಕೊಳ್ಳಿ" ಎಂದು ಇಟ್ಟುಬಿಟ್ಟರು.

ಮಂಚದ ಮೇಲೆ ಬೋರಲು ಬಿದ್ದಿದ್ದ ಯಜಮಾನರು ದಿಂಬಿನೊಳಗಿಂದಲೇ, "ಅಷ್ಟು ಜನ ನಿಂತವ್ರೆ. ನಂಗೊಂದು ಒದ್ದು ಅವ್ರನ್ನ ಕಳ್ಸೇ ಅತ್ಲಾಗೆ" ಎಂದು ನರಳಿದರು.

ನಮಸ್ಕಾರ ಮಾಡಿದೆ. ಕಂಬಳಿಯ ಮೇಲೆ ಹಿಮ್ಮಡಿಯನ್ನು, ಬಿಸಿ ಪಾತ್ರೆ ಮುಟ್ಟಿ ನೋಡುವ ಹಾಗೆ, ಸೋಕಿಸಿ ತೆಗೆದೆ.

"ಹೋಯ್ತು, ಹೋಯ್ತು" ಎಂದರು ಯಜಮಾನರು, ಜನ ಹೋಗಲೆಂದು. ಜನ ಹೋಗಲಿಲ್ಲ.

"ಹೋಯ್ತಲ್ಲ, ಏಳಪ್ಪಾ. ನಡ್ದು ತೋರ್ಸು" ಎಂದರು ಅತ್ತೆ.

ಯಜಮಾನರು ಎದ್ದೇಬಿಡುವುದರಲ್ಲಿದ್ದರು. ಮೊಣಕೈ ಊರಿಯೂ ಆಗಿತ್ತು, ಹಣೆಯಲ್ಲಿ ಬೆವರು.

"ಅಯ್ಯೋ, ಏಳೋ ಹಂಗಿಲ್ಲ ಅತ್ತೆ! ಕಾಲು ಸೋಕಿದ್ಮೇಲೆ ಮೂರು ದಿನ ಮಲಗೇ ಇರ್ಬೇಕು. ಪಥ್ಯ."

"ನನ್ನ ಒದ್ದಾಗ ಈ ಪಥ್ಯ ಹೇಳ್ಲಿಲ್ವಲ್ಲೇ?" ಎಂದಳು ಪಕ್ಕದ ಮನೆಯವಳು.

"ಗಂಡನ್ನ ಒದ್ರೆ ಮಾತ್ರ ಕಣೇ."

ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಅತ್ತೆ ಕುರ್ಚಿಯೊಂದನ್ನು ಕೋಣೆಯ ಬಾಗಿಲಿಗೆ ಅಡ್ಡ ಎಳೆದು ಕೂತರು. ಡಾಕ್ಟರ ಮಾತ್ರೆಯನ್ನು ನಾನು ಹೊತ್ತುಹೊತ್ತಿಗೆ ಕೊಟ್ಟೆ. ಮಗ್ಗುಲು ಬದಲಿಸಲೂ ಯಜಮಾನರು ಅವ್ವನನ್ನು ಕೇಳಬೇಕಾಯಿತು. ಬಚ್ಚಲಿಗೆ ಹೋಗುವುದಕ್ಕಂತೂ ದೊಡ್ಡ ಪಂಚಾಯಿತಿಯೇ ನಡೆಯಿತು.

ನಾಲ್ಕನೆಯ ದಿನ ಗೋಡೆ ಹಿಡಿದು ಎದ್ದರು, ಗೋಡೆ ಬಿಟ್ಟು ಹಿತ್ತಿಲ ನಲ್ಲಿಯವರೆಗೆ ನಡೆದರು, ಮುಖ ತೊಳೆದು ವಾಪಸು ಬಂದರು. ಅಡುಗೆಮನೆಯಲ್ಲಿ ಕೂತು ನಾನು ಸುಮ್ಮನೆ ಒಂದಷ್ಟು ಅತ್ತುಬಿಟ್ಟೆ. ನೋಡಿದರೆ ಅತ್ತೆ ಹರಳೆಣ್ಣೆ ಬಟ್ಟಲು ಹಿಡಿದು ಬಂದು ನನ್ನ ಬಲಗಾಲಿನ ಹತ್ತಿರ ಕೂರುತ್ತಿದ್ದಾರೆ. ಅತ್ತೆಯ ಕೈಗೆ ಸೊಸೆ ಕಾಲು ಕೊಡುವುದೇ? ಎಳೆದುಕೊಂಡೆ.

"ಸುಮ್ಕಿರೇ" ಎಂದು ಎಣ್ಣೆ ಸವರತೊಡಗಿದರು. "ನಾಳೆ ನನ್ನ ಮಂಡಿಗೂ ಬೇಕು ಇದು."