ಪಕ್ಕದಲ್ಲಿ ನಿಂತವರ ಮುಖ

ಯಾರಾದರೂ ಮಾತಾಡಿಸಿದರೆ ದೊಡ್ಡಮ್ಮ ಕೋಳಿ ಕಾಳು ನೋಡುವ ಹಾಗೆ ತಲೆ ವಾರೆ ಮಾಡಿ ಬಲಗಿವಿಯನ್ನು ಮುಂದೆ ತರುತ್ತಿದ್ದರು. ತುಟಿಯ ಸಂದಿಯಲ್ಲಿ ಎರಡು ಮೂರು ಗುಂಡುಪಿನ್ನು ಸದಾ ಇರುತ್ತಿದ್ದವು. ಅವು ಬೀಳದಂತೆ ಬಾಯಿಯ ಒಂದು ಬದಿಯಿಂದಲೇ ಮಾತು. ಎಡಗಿವಿ ಚಿಕ್ಕಂದಿನಲ್ಲಿ ಜ್ವರ ಬಂದು ಹೋಯಿತು ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು.

ನಮಗೆ ಅವರು ಸಂಬಂಧಿಯಲ್ಲ. ನ್ಯಾಮತಿಯಲ್ಲಿ ನಮ್ಮ ಪಕ್ಕದ ಮನೆಯ ಮುಂಗೋಣೆಯಲ್ಲಿ ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಜಗಳೂರು ಕಡೆಯಿಂದ ಒಬ್ಬರೇ ಬಂದವರು. ಯಾಕೆ ಬಂದರೆಂದು ಬೀದಿಯಲ್ಲಿ ಯಾರಿಗೂ ತಿಳಿಯದು. ಮದುವೆಯಾಗಿ ಹೋದ ಹುಡುಗಿ ಮೊದಲ ಸಲ ತವರಿಗೆ ಬಂದಾಗ, ಕೇಳದಿದ್ದರೂ ಅವಳ ರವಿಕೆಗೆ ಒಂದು ಹೊಲಿಗೆ ಬಿಗಿ ಹಾಕಿಕೊಡುತ್ತಿದ್ದರು. "ಸೊರಗಿದೀಯಲ್ಲೇ" ಅನ್ನುವುದು ಬಿಟ್ಟರೆ ಬೇರೆ ಪ್ರಶ್ನೆ ಕೇಳಿದ್ದನ್ನು ನಾನು ನೋಡಿಲ್ಲ.

ನಾನು ಆಗ ಹೊನ್ನಾಳಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮಗೆಲ್ಲ ಒಬ್ಬ ಖಳನಾಯಕನ ಹುಚ್ಚು ಹಿಡಿದಿತ್ತು. ಕಾಮಿಕ್ಸ್ ಪುಸ್ತಕದಿಂದ ಇಂಗ್ಲಿಷ್ ಸಿನಿಮಾಕ್ಕೆ ಬಂದವನು, ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಸದಾ ನಗುವವನು. ಅವನ ಪಾತ್ರವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ನಟರು ಮಾಡಿದ್ದರು. ಯಾರು ಚೆನ್ನಾಗಿ ಮಾಡಿದ್ದು ಎಂದು ನಾವು ಗೆಳತಿಯರು ಬಸ್ಸಿನಲ್ಲಿ ನ್ಯಾಮತಿ ಬರುವವರೆಗೂ ಜಗಳವಾಡುತ್ತಿದ್ದೆವು. ಮಧ್ಯಾಹ್ನ ದೊಡ್ಡಮ್ಮನ ಹತ್ತಿರ ಕೂತು ಹುಕ್ಕು ಹಾಕಿಕೊಡುವಾಗ ಫೋನನ್ನು ಮಷಿನ್‌ಗೆ ಒರಗಿಸಿ ಅದೇ ದೃಶ್ಯಗಳನ್ನು ಹಚ್ಚುತ್ತಿದ್ದೆ.

ಇಂಗ್ಲಿಷ್ ಬಾರದಿದ್ದರೂ ದೊಡ್ಡಮ್ಮ ಕಣ್ಣು ಕೀಳದೆ ನೋಡುತ್ತಿದ್ದರು. ಮೊದಲನೆಯ ನಟ, ವಯಸ್ಸಾದವನು, ಕುಣಿದು ಕೈ ಬೀಸಿ ನಗುತ್ತಿದ್ದ. "ಇವನು ನಾಟಕದೋನು. ಇವನಿಗೆ ಯಾಕೆ ಹೆದರಬೇಕು?" ಅಂದರು. ಇನ್ನೊಬ್ಬ ಬಡಕಲು ಮೈಯವನು ಅಳುವ ಹಾಗೆ ನಗುತ್ತಿದ್ದ. "ಪಾಪ, ಇವನಿಗೆ ಯಾರೋ ಹೊಡ್ದಾರೆ." ನನ್ನ ಮೆಚ್ಚಿನ ನಟನ ಸರದಿ ಬಂದಾಗ ಅವರು ಕಾಲಿನಡಿಯ ಪೆಡಲು ನಿಲ್ಲಿಸಿದರು.

"ಅವನ ಮಕ ನೋಡಬ್ಯಾಡ ಪುಟ್ಟಿ. ಪಕ್ಕದಾಗೆ ನಿಂತೋರ ಮಕ ನೋಡು."

ಅವನು ನಗುತ್ತಿದ್ದ. ಪಕ್ಕದಲ್ಲಿದ್ದ ಅವನ ಚೇಲಾ ಕೂಡ ನಗುತ್ತಿದ್ದ, ಆದರೆ ಒಂದು ಕ್ಷಣ ತಡವಾಗಿ, ಒಡೆಯನ ಮುಖವನ್ನೇ ನೋಡುತ್ತ.

"ನಗದಿದ್ರೆ ಏನಾಗ್ತದೋ ಅಂತ ನಗ್ತಾ ಅದಾನೆ ಅವನು. ನಾನೂ ಹಂಗೇ ನಕ್ಕೀನಿ" ಅಂದವರೇ ಫೋನನ್ನು ಮಗುಚಿಟ್ಟು, ತುಟಿಯಿಂದ ಪಿನ್ನು ತೆಗೆದು ಬಟ್ಟೆಗೆ ಚುಚ್ಚಿದರು. ನಾನು ಆ ನಟನನ್ನು ಮತ್ತೆ ಅವರಿಗೆ ತೋರಿಸಲಿಲ್ಲ.

ಡಿಗ್ರಿ ಮುಗಿದ ಮೇಲೆ ನನ್ನನ್ನು ನೋಡಲು ಚನ್ನಗಿರಿ ತಾಲ್ಲೂಕಿನಿಂದ, ಸೂಳೆಕೆರೆ ಹತ್ತಿರದ ಊರಿನವರು ಬಂದರು. ಹುಡುಗ ಲಕ್ಷಣವಾಗಿದ್ದ, ಬಾಯ್ತುಂಬ ನಗುತ್ತಿದ್ದ. ನನಗೆ ಒಪ್ಪಿಗೆಯೇ ಆಗಿತ್ತು. ದೊಡ್ಡಮ್ಮ ಅಡಿಗೆಮನೆಯಲ್ಲಿ ಅಮ್ಮನಿಗೆ ನೆರವಾಗುತ್ತಿದ್ದವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ನೀನು ಅವನ್ನ ನೋಡಿದೆ. ಅವನ ತಂಗೀನ ನೋಡಿದೆಯಾ?"

ಕಾಫಿ ತಟ್ಟೆ ಹಿಡಿದು ಮತ್ತೆ ಹೊರಗೆ ಹೋದೆ. ಅವನು ತನ್ನ ತಾಯಿಯ ಅಡುಗೆಯ ಬಗ್ಗೆ ಏನೋ ತಮಾಷೆ ಮಾಡಿ ನಕ್ಕ. ತಾಯಿ, ತಂಗಿ ಇಬ್ಬರೂ ಅವನ ಮುಖ ನೋಡಿದರು. ಆಮೇಲೆ ನಕ್ಕರು. ಅವನು ನಗು ನಿಲ್ಲಿಸಿದ ಕೂಡಲೆ ಅವರೂ ನಿಲ್ಲಿಸಿದರು. ತಟ್ಟೆ ಇಟ್ಟು ಒಳಗೆ ಬಂದೆ.

ಬೇಡ ಅಂದೆ. ಕಾರಣ ಕೇಳಿ ಅಪ್ಪ ಕೆಂಡವಾದರು. "ಯಾರೋ ನಕ್ಕಿದ್ದು ಸರಿ ಇಲ್ಲ ಅಂತ ಸಂಬಂಧ ಬಿಡಾಕೆ ಆಗ್ತದಾ? ಜನ ಏನಂತಾರೆ?"

ಬಾಗಿಲ ಹತ್ತಿರ ನಿಂತಿದ್ದ ದೊಡ್ಡಮ್ಮ ಒಳಗೆ ಬಂದರು. "ಅಣ್ಣಾರೆ, ಈ ಕಿವಿ ಜ್ವರದಾಗೆ ಹೋಗಿದ್ದಲ್ಲ. ನಮ್ಮನೆಯೋರೂ ನಗಾಡ್ತಾನೇ ಇರೋರು. ನನ್ನ ನೋಡಾಕೆ ಬಂದಾಗ ನಮ್ಮತ್ತೆ ಮಕದಾಗೇ ಎಲ್ಲ ಬರೆದಿತ್ತು. ಓದಾಕೆ ಬರಲಿಲ್ಲ ನಮಗೆ."

ಅಪ್ಪ ತಲೆ ತಗ್ಗಿಸಿದರು. ಆ ಸಂಬಂಧ ಅಲ್ಲಿಗೆ ಮುಗಿಯಿತು. ನಾನು ಉಳಿದುಕೊಂಡೆ.

ನಾಲ್ಕು ತಿಂಗಳಿಗೆ, ಅದೇ ಹುಡುಗನಿಗೆ ಹೊನ್ನಾಳಿ ಹತ್ತಿರದ ಒಂದು ಹಳ್ಳಿಯ ಹುಡುಗಿ ಗೊತ್ತಾದಳೆಂಬ ಸುದ್ದಿ ಬಂತು. ದೊಡ್ಡಮ್ಮ ಎರಡು ದಿನ ಮಷಿನ್ ತುಳಿಯಲಿಲ್ಲ. ಮೂರನೆಯ ದಿನ, "ನಡಿ, ಹೇಳಿ ಬರಾನ" ಅಂದರು.

ಆ ಮನೆಯ ಮುಂದೆ ಚಪ್ಪರ ಹಾಕುತ್ತಿದ್ದರು. ಹುಡುಗಿಯ ತಾಯಿ ನಮ್ಮ ಮಾತನ್ನು ಅರ್ಧಕ್ಕೇ ತಡೆದರು. "ನಿಮ್ಮ ಹುಡುಗೀನ ಅವರು ಒಲ್ಲೆ ಅಂದ್ರೂಂತ ಹೊಟ್ಟೆಕಿಚ್ಚೇನ್ರಿ? ಎದ್ದು ಹೋಗ್ರಿ."

ಬಸ್ಸಿಗೆ ಕಾಯುತ್ತಿದ್ದಾಗ ಹುಡುಗಿಯೇ ನಮ್ಮ ಹಿಂದೆ ಬಂದಳು. ನನ್ನಷ್ಟೇ ವಯಸ್ಸು. "ಅಮ್ಮಾ, ಅವರು ಯಾರಿಗಾದ್ರೂ ಹೊಡೆದಿದ್ದು ನೋಡಿದೀರಾ?"

"ಇಲ್ಲ ತಾಯಿ. ನಗಾದು ನೋಡೀನಿ."

ಹುಡುಗಿ ಜೋರಾಗಿ ನಕ್ಕುಬಿಟ್ಟಳು. ಅದರಲ್ಲಿ ಕೇಡೇನೂ ಇರಲಿಲ್ಲ, ಮದುವೆಯ ಹುಡುಗಿಯ ಸಂತೋಷದ ನಗು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಮೇಲೆ ದೊಡ್ಡಮ್ಮ ಬದಲಾದರು. ರವಿಕೆಗೆ ತೋಳು ಜೋಡಿಸುತ್ತಾ ಇದ್ದಕ್ಕಿದ್ದಂತೆ, "ಫೋನ್ ನಂಬರಾದ್ರೂ ಕೊಟ್ಟು ಬರಬೇಕಿತ್ತು" ಅನ್ನುತ್ತಿದ್ದರು.

ಒಂದೂವರೆ ವರ್ಷದ ನಂತರ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಅವರಿಬ್ಬರನ್ನೂ ಕಂಡೆ. ಅವನು ಏನೋ ಹೇಳಿ ನಕ್ಕ. ಅವಳು ಅವನ ಮುಖ ನೋಡಿದಳು, ಆಮೇಲೆ ನಕ್ಕಳು. ನಾನು ಕಂಬದ ಮರೆಗೆ ಸರಿದು ನಿಂತೆ. ಮಾತಾಡಿಸಲಿಲ್ಲ. ದೊಡ್ಡಮ್ಮನಿಗೂ ಹೇಳಲಿಲ್ಲ.

ಹೋದ ವರ್ಷ ದೊಡ್ಡಮ್ಮ ಹಾಸಿಗೆ ಹಿಡಿದರು. ಕೊನೆಯ ವಾರ ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಬೆಳಿಗ್ಗೆ ಕಣ್ಣು ಬಿಟ್ಟು, "ಆ ಹುಡುಗಿ ಹೆಂಗದಾಳೆ?" ಎಂದು ಕೇಳಿದರು. ಬಲಗಿವಿಯ ಹತ್ತಿರ ಬಗ್ಗಿ, "ಚೆನ್ನಾಗಿದಾಳೆ ದೊಡ್ಡಮ್ಮ, ನಾನೇ ನೋಡಿದೆ" ಅಂದೆ. ಅವರು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಎರಡು ದಿನಕ್ಕೆ ಹೋಗಿಬಿಟ್ಟರು.

ತಿಥಿ ಮುಗಿದ ಮೇಲೆ ಒಬ್ಬಳೇ ಚನ್ನಗಿರಿ ಬಸ್ಸು ಹತ್ತಿದೆ. ಮನೆ ಹುಡುಕಿ, ಮಡಿಸಿದ ಚೀಟಿಯೊಂದನ್ನು ಬೆರಳ ಸಂದಿಯಲ್ಲಿ ಹಿಡಿದು ಬಾಗಿಲು ಬಡಿದೆ. ಅವಳೇ ತೆಗೆದಳು. ಗುರುತು ಹಿಡಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಆ ಅಮ್ಮ ಬರಲಿಲ್ವಾ?"

"ತೀರಿಕೊಂಡ್ರು."

ಒಳಗಿನಿಂದ ಗಂಡಸಿನ ದನಿ ಬಂತು. "ಯಾರದು?"

"ಯಾರೂ ಅಲ್ಲ ರೀ. ಯಾರದೋ ಮನೆ ಕೇಳ್ತಿದಾರೆ" ಎಂದು ಹಿಂದಕ್ಕೆ ತಿರುಗಿ ಹೇಳಿದಳು. ಬಲಗೈ ಎತ್ತಿ, ಜೋರಾಗಿ, "ಹಿಂಗೇ ಸೀದಾ ಹೋಗಿ ಎಡಕ್ಕೆ ತಿರುಗ್ರಿ" ಎಂದು ದಾರಿ ತೋರಿಸಿದಳು. ಎಡಗೈ ಮುಂದೆ ಬಂದು ನನ್ನ ಬೆರಳುಗಳ ನಡುವಿನಿಂದ ಚೀಟಿ ಎಳೆದುಕೊಂಡಿತು.

ಅದರಲ್ಲಿ ಬರೆದದ್ದು ನನ್ನ ನಂಬರು. ಇನ್ನೂ ಫೋನ್ ಬಂದಿಲ್ಲ.